ಬಾನುಲಿಯ ಒಂದು ದಿನ ಮತ್ತು ನಮ್ಮ ಮಕ್ಕಳು

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಏನಾದರೂ ಮಾತನಾಡಿ ಎಂದು ಸಂಘದ ಹಿರಿಯರು ನನಗೆ ಹೇಳಿದರು. ನಾನು ರೇಡಿಯೋ ಬಗ್ಗೆ ಮಾತನಾಡುತ್ತೇನೆ ಎಂದಾಗ ಕೆಲವರು ನಕ್ಕರು. ‘ಈ ಕಾಲದಲ್ಲಿ ರೇಡಿಯೋ ಯಾರು ಕೇಳುತ್ತಾರೆ ಟೀಚರ್?’ ಎಂದರು. ಅವರು ನಕ್ಕದ್ದರಲ್ಲಿ ತಪ್ಪಿಲ್ಲ. ಆದರೆ ನನ್ನ ಮಾತು ಪೂರ್ತಿ ಕೇಳಿದ ಮೇಲೆ ಅದೇ ಪ್ರಶ್ನೆಯನ್ನು ಅವರು ಇನ್ನೊಂದು ರೀತಿಯಲ್ಲಿ ಕೇಳಬಹುದು ಎಂಬ ನಂಬಿಕೆ ನನಗಿದೆ.

ಮೊದಲು ನನ್ನ ತರಗತಿಯಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಶಿಕ್ಷಕಿ. ಒಂಬತ್ತನೇ ತರಗತಿಯ ಕನ್ನಡ ಪಾಠದಲ್ಲಿ ಒಂದು ದಿನ ಮಕ್ಕಳಿಗೆ ಹೇಳಿದೆ: ‘ಒಬ್ಬೊಬ್ಬರೂ ಎದ್ದು ನಿಂತು ಎರಡು ನಿಮಿಷ ಕನ್ನಡದಲ್ಲಿ ಮಾತನಾಡಿ. ವಿಷಯ ನಿಮ್ಮದೇ. ನಿಮ್ಮ ಮನೆ, ನಿಮ್ಮ ಓಣಿ, ಯಾವುದಾದರೂ ಆಗಲಿ.’ ತರಗತಿಯಲ್ಲಿ ಅತಿ ಹೆಚ್ಚು ಅಂಕ ತೆಗೆಯುವ ಹುಡುಗಿ ಎದ್ದು ನಿಂತಳು. ಅವಳ ಬರವಣಿಗೆ ಮುತ್ತು ಪೋಣಿಸಿದ ಹಾಗೆ. ವ್ಯಾಕರಣದಲ್ಲಿ ತಪ್ಪು ಹುಡುಕಿದರೂ ಸಿಗುವುದಿಲ್ಲ. ಆದರೆ ಅವಳ ಬಾಯಿಂದ ಒಂದು ವಾಕ್ಯವೂ ಹೊರಡಲಿಲ್ಲ. ಒಂದು ನಿಮಿಷ ನಿಂತಳು, ಕಣ್ಣಲ್ಲಿ ನೀರು ತಂದುಕೊಂಡು ಕುಳಿತಳು. ಉಳಿದವರದ್ದೂ ಅದೇ ಸ್ಥಿತಿ. ಪ್ರಶ್ನೋತ್ತರ ಬಾಯಿಪಾಠ ಒಪ್ಪಿಸಬಲ್ಲರು, ಸ್ವಂತ ಮಾತು ಆಡಲಾರರು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಪ್ಪು ಮಗುವಿನದೋ ನನ್ನದೋ? ಬಿ.ಎಡ್. ಓದುವಾಗ ನಾವೆಲ್ಲ ಬರೆದದ್ದು ನೆನಪಾಯಿತು: ಭಾಷೆಯ ಕೌಶಲಗಳು ನಾಲ್ಕು. ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು. ಈ ಕ್ರಮವನ್ನು ಗಮನಿಸಿ. ಆಲಿಸುವುದು ಮೊದಲು. ಹುಟ್ಟಿದ ಮಗು ಮೊದಲು ಕೇಳುತ್ತದೆ, ಆಮೇಲೆ ತೊದಲುತ್ತದೆ. ಆದರೆ ನಾವು ಶಾಲೆಯಲ್ಲಿ ಮೊದಲಿನ ಎರಡನ್ನು ಬಿಟ್ಟು ಕೊನೆಯ ಎರಡಕ್ಕೆ ಮಾತ್ರ ಪರೀಕ್ಷೆ ಇಟ್ಟಿದ್ದೇವೆ. ಮನೆಯಲ್ಲಿ ದಖನಿ ಮಾತನಾಡುವ, ಓಣಿಯಲ್ಲೂ ಅದನ್ನೇ ಮಾತನಾಡುವ, ಉರ್ದು ಮಾಧ್ಯಮದಲ್ಲಿ ಓದುವ ನಮ್ಮ ಮಗು ಒಳ್ಳೆಯ ಕನ್ನಡವನ್ನು ದಿನಕ್ಕೆ ಎಷ್ಟು ಹೊತ್ತು ಕಿವಿಯಿಂದ ಕೇಳುತ್ತದೆ? ನಲವತ್ತು ನಿಮಿಷದ ಒಂದು ಪೀರಿಯಡ್. ಅದರಲ್ಲೂ ಅರ್ಧ ಹೊತ್ತು ನಾವು ನೋಟ್ಸ್ ಬರೆಸುತ್ತೇವೆ. ಕೇಳದ ಮಾತನ್ನು ಮಗು ಆಡುವುದಾದರೂ ಹೇಗೆ?

ಆಗ ನನಗೆ ನೆನಪಾದದ್ದು ನನ್ನ ಅಬ್ಬಾ ಅವರ ಅಂಗಡಿಯ ರೇಡಿಯೋ.

ಬೆಳಗಿನಿಂದ ರಾತ್ರಿಯವರೆಗೆ

ನಮ್ಮ ಅಬ್ಬಾ ದರ್ಜಿ. ಊರು ಧಾರವಾಡ ಆಕಾಶವಾಣಿಯ ವ್ಯಾಪ್ತಿಯಲ್ಲಿತ್ತು. ಹೊಲಿಗೆ ಯಂತ್ರದ ಮೇಲಿನ ಹಲಗೆಯಲ್ಲಿ ಒಂದು ರೇಡಿಯೋ, ಅದಕ್ಕೆ ಅವರೇ ಉಳಿದ ಬಟ್ಟೆಯಲ್ಲಿ ಹೊಲಿದ ಒಂದು ಗವಸು. ಅಬ್ಬಾ ಓದಿದ್ದು ಉರ್ದುವಿನಲ್ಲಿ ನಾಲ್ಕನೇ ತರಗತಿ. ಕನ್ನಡ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ಆದರೆ ಅಂಗಡಿಗೆ ಬರುವ ರೈತರ ಜೊತೆ, ಶಾಲೆಯ ಮಾಸ್ತರರ ಜೊತೆ, ಕಚೇರಿಯ ಸಾಹೇಬರ ಜೊತೆ ಅವರವರ ಕನ್ನಡದಲ್ಲೇ ಮಾತನಾಡುತ್ತಿದ್ದರು. ‘ಇಷ್ಟು ಕನ್ನಡ ಯಾರು ಕಲಿಸಿದರು ಅಬ್ಬಾ?’ ಎಂದು ಕೇಳಿದರೆ ತಲೆ ಎತ್ತದೆ ಹಲಗೆಯ ಕಡೆ ಕೈ ತೋರಿಸುತ್ತಿದ್ದರು.

ಆ ರೇಡಿಯೋದ ಒಂದು ದಿನ ಹೇಗಿತ್ತು ಎಂದು ಇಂದಿನ ಮಕ್ಕಳಿಗೆ ಹೇಳಬೇಕು. ನಾನು ಹೇಳುತ್ತಿರುವುದು ನನ್ನ ಬಾಲ್ಯದ, ಅಂದರೆ 2000ದ ಆಸುಪಾಸಿನ ವರ್ಷಗಳ ಮಾತು.

ನಸುಕಿನಲ್ಲಿ ಮೊದಲು ಕೇಳುತ್ತಿದ್ದದ್ದು ಆಕಾಶವಾಣಿಯ ಆ ಗುರುತಿನ ರಾಗ. ಅದನ್ನು ರಚಿಸಿದವರು ವಾಲ್ಟರ್ ಕೌಫ್‌ಮನ್ ಎಂಬ ಯೆಹೂದಿ ಸಂಗೀತಗಾರರು. ನಾಜಿಗಳ ಭಯದ ಕಾಲದಲ್ಲಿ ಯುರೋಪ್ ಬಿಟ್ಟು 1934ರಲ್ಲಿ ಮುಂಬಯಿಗೆ ಬಂದು, ಅಲ್ಲಿನ ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ಇಡೀ ಭಾರತವನ್ನು ದಶಕಗಳ ಕಾಲ ನಿದ್ದೆಯಿಂದ ಎಬ್ಬಿಸಿದ ರಾಗವನ್ನು ಆಶ್ರಯ ಹುಡುಕಿ ಬಂದ ಒಬ್ಬ ಪರದೇಶಿ ಕೊಟ್ಟರು ಎಂಬುದು ನನಗೆ ಯಾವಾಗಲೂ ಹೆಮ್ಮೆಯ ಸಂಗತಿಯಾಗಿ ಕಾಣುತ್ತದೆ.

ಆಮೇಲೆ ‘ಚಿಂತನ’. ಐದು ನಿಮಿಷದ ಮಾತು. ಒಂದು ದಿನ ಶರಣರ ವಚನದ ಬಗ್ಗೆ, ಒಂದು ದಿನ ಸೂಫಿ ಸಂತರ ಬಗ್ಗೆ, ಇನ್ನೊಂದು ದಿನ ಕೋಪವನ್ನು ಹೇಗೆ ತಡೆಯಬೇಕು ಎಂಬ ಬಗ್ಗೆ. ಬಳಿಕ ಸಂಸ್ಕೃತ ವಾರ್ತೆ. ಅಬ್ಬಾ ಸೂಜಿಗೆ ದಾರ ಪೋಣಿಸುತ್ತಾ ‘ಇಯಮ್ ಆಕಾಶವಾಣೀ’ ಎಂದು ಅದೇ ಗತ್ತಿನಲ್ಲಿ ಹೇಳಿ ನಮ್ಮನ್ನು ನಗಿಸುತ್ತಿದ್ದರು. ಏಳು ಗಂಟೆಯ ಸುಮಾರಿಗೆ ಪ್ರದೇಶ ಸಮಾಚಾರ, ನಂತರ ಆಗ ದೆಹಲಿಯಿಂದ ಬರುತ್ತಿದ್ದ ಕನ್ನಡ ವಾರ್ತೆ. ಹತ್ತೇ ನಿಮಿಷದಲ್ಲಿ ಜಗತ್ತಿನ ಸುದ್ದಿ. ಯಾರೂ ಕಿರುಚುತ್ತಿರಲಿಲ್ಲ. ಒಂದು ಶಬ್ದವೂ ಹೆಚ್ಚಿಲ್ಲ, ಒಂದು ಶಬ್ದವೂ ಕಡಿಮೆ ಇಲ್ಲ. ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಸ್ಪಷ್ಟ. ನಾನು ಇಂದಿಗೂ ಪಾಠ ಓದುವಾಗ ಉಸಿರು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಆ ವಾರ್ತಾವಾಚಕರಿಂದಲೇ ಕಲಿತಿದ್ದೇನೆ.

ಹಗಲು ಹೊತ್ತಿನಲ್ಲಿ ಮಹಿಳೆಯರ ಕಾರ್ಯಕ್ರಮ, ವೈದ್ಯರೊಡನೆ ಮಾತುಕತೆ, ಶಾಲಾ ಮಕ್ಕಳಿಗೆ ಬಾನುಲಿ ಪಾಠ. ಯುವಕರಿಗೆ ‘ಯುವವಾಣಿ’. ಸಂಜೆಯಾದರೆ ರೈತರ ಕಾರ್ಯಕ್ರಮ. ಹತ್ತಿಗೆ ಬಿದ್ದ ಹುಳ, ಮೆಣಸಿನಕಾಯಿ ಪೇಟೆಯ ಧಾರಣೆ, ಮಳೆಯ ಮುನ್ಸೂಚನೆ. ಆ ಹೊತ್ತಿಗೆ ಅಂಗಡಿಯ ಕಟ್ಟೆಯ ಮೇಲೆ ನಾಲ್ಕಾರು ಜನ ಬಂದು ಕೂರುತ್ತಿದ್ದರು. ‘ಸಾಬ್ರ, ದನಿ ಸ್ವಲ್ಪ ಜೋರ ಮಾಡ್ರಿ’ ಎನ್ನುತ್ತಿದ್ದರು. ಅಬ್ಬಾ ಯಂತ್ರ ನಿಲ್ಲಿಸಿ ದನಿ ಏರಿಸುತ್ತಿದ್ದರು. ರಾತ್ರಿ ಒಂದು ನಾಟಕ, ಇಲ್ಲವೇ ಒಬ್ಬ ಸಾಹಿತಿಯ ಭಾಷಣ. ಅಂಗಡಿ ಮುಚ್ಚಿ ಮನೆಗೆ ಬಂದ ಮೇಲೆ ದೆಹಲಿಯ ಉರ್ದು ಪ್ರಸಾರ. ಅದು ಬರುತ್ತಿತ್ತು, ಹೋಗುತ್ತಿತ್ತು. ಅಬ್ಬಾ ರೇಡಿಯೋವನ್ನು ಮಗುವಿನಂತೆ ಕೈಯಲ್ಲಿ ಹಿಡಿದು ಅತ್ತ ಇತ್ತ ತಿರುಗಿಸುತ್ತಿದ್ದರು.

ನನ್ನ ಗೆಳೆಯ ಗೆಳತಿಯರೇ, ಒಬ್ಬ ದರ್ಜಿ ಒಂದೇ ದಿನದಲ್ಲಿ ವಚನ, ಹತ್ತಿ, ರಕ್ತದೊತ್ತಡ, ಸಂಸತ್ತು, ನಾಟಕ, ಉರ್ದು ಶಾಯರಿ ಇಷ್ಟನ್ನೂ ಕೇಳಿದ. ಇದರಲ್ಲಿ ಒಂದನ್ನೂ ಅವನು ಆರಿಸಿಕೊಂಡಿರಲಿಲ್ಲ. ತನಗೆ ಬೇಕಾದದ್ದನ್ನು ಮಾತ್ರ ಕೇಳಿದ್ದರೆ ಅವನು ತನಗೆ ಗೊತ್ತಿದ್ದದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದ. ಇಂದು ನಮ್ಮ ಕೈಯಲ್ಲಿರುವ ಫೋನ್ ಮಾಡುತ್ತಿರುವುದು ಅದನ್ನೇ. ಒಂದು ಹಾಸ್ಯದ ತುಣುಕು ನೋಡಿದರೆ ಇನ್ನೂ ಹತ್ತು ಹಾಸ್ಯದ ತುಣುಕು. ನಮಗೆ ಇಷ್ಟವಾದದ್ದನ್ನು ಅದು ಕೊಡುತ್ತದೆ. ನಮಗೆ ಅಗತ್ಯವಾದದ್ದನ್ನು ಕೊಡುವ ಹೊಣೆ ಅದಕ್ಕಿಲ್ಲ.

ಈ ಬಗೆಬಗೆಯ ದಿನ ಎಲ್ಲಿಂದ ಬಂತು?

ನಮ್ಮ ದೇಶದಲ್ಲಿ ಕ್ರಮಬದ್ಧ ಪ್ರಸಾರ ಆರಂಭವಾದದ್ದು 1927ರ ಜುಲೈ 23ರಂದು, ಮುಂಬಯಿಯಲ್ಲಿ, ಒಂದು ಖಾಸಗಿ ಕಂಪನಿಯಿಂದ. ಆ ಕಂಪನಿ ನಷ್ಟಕ್ಕೆ ಸಿಕ್ಕಿ ಮೂರು ವರ್ಷಕ್ಕೆ ಮುಚ್ಚಿತು. 1930ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. 1935ರಲ್ಲಿ ಲಂಡನ್ನಿನ ಬಿಬಿಸಿಯಿಂದ ಲಯೊನೆಲ್ ಫೀಲ್ಡನ್ ಎಂಬವರು ಇಲ್ಲಿನ ಪ್ರಸಾರದ ಮುಖ್ಯಸ್ಥರಾಗಿ ಬಂದರು. 1936ರ ಜೂನ್ 8ರಂದು ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಾಯಿತು. ಬಿಬಿಸಿಯನ್ನು ಕಟ್ಟಿದ ಜಾನ್ ರೀತ್ ಅವರ ಧ್ಯೇಯ ಮೂರು ಮಾತಿನದು: ಮಾಹಿತಿ ಕೊಡಬೇಕು, ಶಿಕ್ಷಣ ಕೊಡಬೇಕು, ಮನರಂಜನೆ ಕೊಡಬೇಕು. ನಮ್ಮ ಆಕಾಶವಾಣಿ ಅದನ್ನು ತನ್ನದೇ ಮಾತಿನಲ್ಲಿ ‘ಬಹುಜನ ಹಿತಾಯ ಬಹುಜನ ಸುಖಾಯ’ ಎಂದಿತು. ಹಿತ ಮೊದಲು, ಸುಖ ಆಮೇಲೆ.

ನಮ್ಮ ಕರ್ನಾಟಕದ ಕಥೆ ಇನ್ನೂ ಸೊಗಸು. ಮೈಸೂರಿನಲ್ಲಿ ಬಾನುಲಿ ಆರಂಭಿಸಿದವರು ಸರ್ಕಾರವೂ ಅಲ್ಲ, ವ್ಯಾಪಾರಿಯೂ ಅಲ್ಲ. ಒಬ್ಬ ಮೇಷ್ಟ್ರು! ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಲ್ಲೇ, ಕೇವಲ 30 ವಾಟ್‌ನ ಒಂದು ಪ್ರಸಾರ ಯಂತ್ರದಿಂದ ಇದನ್ನು ಶುರು ಮಾಡಿದರು. ಒಂದು ಸಣ್ಣ ಬಲ್ಬಿನಷ್ಟು ಶಕ್ತಿ! ಮೈಸೂರಿನಲ್ಲಿ ಬಳಕೆಗೆ ಬಂದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಪ್ರಸಾರಕ್ಕೆ ಹೆಸರಾಯಿತು. 1950ರಲ್ಲಿ ಧಾರವಾಡ ಕೇಂದ್ರ, 1955ರಲ್ಲಿ ಬೆಂಗಳೂರು ಕೇಂದ್ರ ಬಂದವು. ಧಾರವಾಡ ಕೇಂದ್ರಕ್ಕೆ ವರಕವಿ ದ. ರಾ. ಬೇಂದ್ರೆಯವರು 1956ರಿಂದ ಹಲವು ವರ್ಷ ಸಲಹೆಗಾರರಾಗಿದ್ದರು. ಬೆಂಗಳೂರಿನಲ್ಲಿ ಎ. ಎಸ್. ಮೂರ್ತಿಯವರು ರೈತರ ಕಾರ್ಯಕ್ರಮದಲ್ಲಿ ‘ಈರಣ್ಣ’ನಾಗಿ ಎಷ್ಟು ಮನೆಮಾತಾದರೆಂದರೆ ಜನ ಅವರನ್ನು ‘ರೇಡಿಯೋ ಈರಣ್ಣ’ ಎಂದೇ ಕರೆದರು.

ಉರ್ದು ಸಾಹಿತ್ಯಕ್ಕೂ ಬಾನುಲಿಗೂ ಇರುವ ನಂಟನ್ನು ಉರ್ದು ಓದುವ ಮಕ್ಕಳು ತಿಳಿದಿರಬೇಕು. ನಾವು ಪಾಠದಲ್ಲಿ ಓದಿ ನಗುವ ಪತ್ರಸ್ ಬುಖಾರಿ, ಅಂದರೆ ಅಹ್ಮದ್ ಶಾ ಬುಖಾರಿಯವರು ಲಾಹೋರ್‌ನ ಸರ್ಕಾರಿ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. 1940ರ ದಶಕದಲ್ಲಿ ಅವರೇ ಆಲ್ ಇಂಡಿಯಾ ರೇಡಿಯೋದ ಮುಖ್ಯಸ್ಥರಾಗಿದ್ದರು. ಸಾದತ್ ಹಸನ್ ಮಂಟೋ 1941ರಿಂದ ಸುಮಾರು ಒಂದೂವರೆ ವರ್ಷ ದೆಹಲಿ ಕೇಂದ್ರದಲ್ಲಿ ಕೆಲಸ ಮಾಡಿ ರಾಶಿ ರಾಶಿ ರೇಡಿಯೋ ನಾಟಕ ಬರೆದರು. ಕೃಷ್ಣ ಚಂದರ್, ಉಪೇಂದ್ರನಾಥ ಅಶ್ಕ್ ಅದೇ ಕೇಂದ್ರದಲ್ಲಿದ್ದರು. ಕಿವಿಗಾಗಿ ಬರೆಯುವುದು ಕಣ್ಣಿಗಾಗಿ ಬರೆಯುವುದಕ್ಕಿಂತ ಕಷ್ಟ. ಕೇಳುಗ ಹಿಂದಿನ ಪುಟ ತಿರುಗಿಸಿ ನೋಡಲಾರ. ಆದ್ದರಿಂದ ವಾಕ್ಯ ಚಿಕ್ಕದಿರಬೇಕು, ಶಬ್ದ ತಿಳಿಯಾಗಿರಬೇಕು.

ಬಾನುಲಿಯ ಶಕ್ತಿ ಏನು ಎಂಬುದಕ್ಕೆ ಒಂದು ನಿದರ್ಶನ. 1947ರ ನವೆಂಬರ್ 12ರಂದು ಗಾಂಧೀಜಿ ದೆಹಲಿಯ ಬಾನುಲಿ ಕೇಂದ್ರಕ್ಕೆ ಬಂದು, ಕುರುಕ್ಷೇತ್ರದ ಶಿಬಿರದಲ್ಲಿದ್ದ ನಿರಾಶ್ರಿತರನ್ನು ಉದ್ದೇಶಿಸಿ ಮಾತನಾಡಿದರು. ಅಲ್ಲಿಗೆ ಖುದ್ದಾಗಿ ಹೋಗಲು ಅವರಿಗೆ ಆಗಲಿಲ್ಲ, ದನಿ ಹೋಯಿತು. ಮನೆ ಕಳೆದುಕೊಂಡವರಿಗೆ ಆ ದಿನ ಒಂದು ದನಿ ಬೇಕಾಗಿತ್ತು.

ಲಂಡನ್ನಿನ ಒಂದು ದಿನ

ಮಾತಿನ ಬಾನುಲಿಗೆ ಕಾಲ ಮುಗಿಯಿತು ಎನ್ನುವವರು ಇಂಗ್ಲೆಂಡಿನ ಕಡೆ ನೋಡಬೇಕು. ಬಿಬಿಸಿಯ ರೇಡಿಯೋ 4 ಎಂಬ ವಾಹಿನಿ 1967ರಲ್ಲಿ ಆರಂಭವಾಯಿತು. ಅದರ ದಿನದ ತುಂಬ ಬಹುಪಾಲು ಮಾತೇ ಮಾತು. ನಸುಕಿನಲ್ಲಿ ರೈತರಿಗೆ ಸುದ್ದಿ. ಬೆಳಿಗ್ಗೆ ‘ಟುಡೇ’ ಎಂಬ ಸುದ್ದಿ ಕಾರ್ಯಕ್ರಮ, ಅದು 1957ರಿಂದ ನಡೆಯುತ್ತಿದೆ. ಹಗಲಿನಲ್ಲಿ ‘ವುಮನ್ಸ್ ಅವರ್’, ಅದು 1946ರದು. ಹೆಂಗಸರ ಆ ಕಾರ್ಯಕ್ರಮಕ್ಕೆ ಮೊದಲ ನಿರೂಪಕರಾಗಿ ಬಂದವರು ಒಬ್ಬ ಗಂಡಸು ಎಂಬುದು ತಮಾಷೆಯ ಸಂಗತಿ! ಆಮೇಲೆ ತೋಟಗಾರಿಕೆಯ ಪ್ರಶ್ನೋತ್ತರ, ನಾಟಕ, ಸಂಸತ್ತಿನ ವರದಿ, ಮಲಗುವ ಮೊದಲು ಒಂದು ಪುಸ್ತಕದ ವಾಚನ, ನಡುರಾತ್ರಿ ದಾಟಿದ ಮೇಲೆ ಹಡಗಿನವರಿಗೆ 31 ಸಮುದ್ರ ಪ್ರದೇಶಗಳ ಹವಾಮಾನ. ಮೆಲ್ವಿನ್ ಬ್ರ್ಯಾಗ್ ಎಂಬ ಲೇಖಕರು 1998ರಿಂದ 2025ರವರೆಗೆ ಪ್ರತಿವಾರ ಮೂವರು ವಿದ್ವಾಂಸರನ್ನು ಕೂರಿಸಿಕೊಂಡು ಒಂದು ದಿನ ಇಬ್ನ್ ಖಲ್ದೂನರ ಬಗ್ಗೆ, ಇನ್ನೊಂದು ದಿನ ಗಣಿತದ ಬಗ್ಗೆ ಚರ್ಚೆ ನಡೆಸಿದರು. ಇದನ್ನು ಕೇಳಿದವರು ಪಂಡಿತರಲ್ಲ, ಸಾಮಾನ್ಯ ಜನ.

ಅಲ್ಲಿ ‘ದಿ ಆರ್ಚರ್ಸ್’ ಎಂಬ ಒಂದು ಧಾರಾವಾಹಿ 1951ರ ಜನವರಿ 1ರಿಂದ ದೇಶಕ್ಕೆಲ್ಲ ಪ್ರಸಾರವಾಗುತ್ತಿದೆ. ಒಂದು ರೈತ ಕುಟುಂಬದ ಕಥೆ. ಅದನ್ನು ಶುರು ಮಾಡಿದ ಉದ್ದೇಶ ಏನು ಗೊತ್ತೇ? ಯುದ್ಧ ಮುಗಿದಿತ್ತು, ಆದರೆ ಆಹಾರಕ್ಕೆ ಇನ್ನೂ ಪಡಿತರ ಇತ್ತು. ಹೆಚ್ಚು ಬೆಳೆಯುವುದು ಹೇಗೆ ಎಂಬುದನ್ನು ರೈತರಿಗೆ ಕಥೆಯ ಮೂಲಕ ಹೇಳಬೇಕಾಗಿತ್ತು. ನಮ್ಮ ಈರಣ್ಣ ಮಾಡಿದ್ದೂ ಅದನ್ನೇ ಅಲ್ಲವೇ?

ಕೇಳು, ಚರ್ಚಿಸು, ಮಾಡು

ಬರೀ ಕೇಳಿದರೆ ಸಾಕೇ ಎಂದು ನೀವು ಕೇಳಬಹುದು. ಸಾಲದು. ಇದಕ್ಕೆ ನಮ್ಮ ನೆರೆಯಲ್ಲೇ ಒಂದು ಒಳ್ಳೆಯ ಪ್ರಯೋಗ ನಡೆದಿದೆ. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆ ಸುತ್ತಲಿನ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಬಾನುಲಿ ಕೂಟಗಳನ್ನು ಮಾಡಿದರು. ಊರಿನವರು ವಾರಕ್ಕೆ ಎರಡು ಸಲ ಒಟ್ಟಿಗೆ ಕೂತು ಅರ್ಧ ಗಂಟೆಯ ಕಾರ್ಯಕ್ರಮ ಕೇಳುವುದು, ಕೇಳಿದ ಮೇಲೆ ಅದರ ಬಗ್ಗೆ ಚರ್ಚೆ ಮಾಡುವುದು, ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳಿಸುವುದು. ಬಳಿಕ ಪರೀಕ್ಷಿಸಿದಾಗ ಕಂಡದ್ದು ಇದು: ಕೂಟ ಇದ್ದ ಹಳ್ಳಿಗಳ ಜನರ ತಿಳಿವಳಿಕೆ ಬಹಳ ಹೆಚ್ಚಿತ್ತು. ರೇಡಿಯೋ ಇದ್ದೂ ಕೂಟ ಇಲ್ಲದ ಹಳ್ಳಿಗಳಲ್ಲಿ ಅಷ್ಟು ಹೆಚ್ಚಲಿಲ್ಲ. ಅಂದರೆ ಯಂತ್ರ ಒಂದೇ ಏನೂ ಮಾಡುವುದಿಲ್ಲ. ಜೊತೆಗೆ ಕೂತು ಕೇಳುವ, ಕೇಳಿದ್ದನ್ನು ಮಾತನಾಡುವ ಜನ ಬೇಕು. ಅಬ್ಬಾ ಅವರ ಅಂಗಡಿಯ ಕಟ್ಟೆಯೂ ಅಂಥದೇ ಒಂದು ಕೂಟವಾಗಿತ್ತು ಎಂದು ನನಗೆ ಈಗ ಅರ್ಥವಾಗುತ್ತದೆ.

ತಾಯಂದಿರಿಗೆ ಒಂದು ಮಾತು. ನನ್ನ ತಮ್ಮನಿಗೆ ಎರಡು ವರ್ಷ ಇದ್ದಾಗ ಒಂದು ರಾತ್ರಿ ವಾಂತಿ ಭೇದಿ ಶುರುವಾಯಿತು. ಹೊರಗೆ ಜೋರು ಮಳೆ. ಊರಿನಲ್ಲಿ ಡಾಕ್ಟರ್ ಇರಲಿಲ್ಲ. ಭೇದಿಯಾದಾಗ ನೀರು ಕೊಡಬಾರದು ಎಂದು ದಾದಿ ಹಟ ಹಿಡಿದರು. ಆ ಕಾಲದ ಎಷ್ಟೋ ಮನೆಗಳ ನಂಬಿಕೆ ಅದು. ಆದರೆ ಅಮ್ಮಿ ಮಹಿಳೆಯರ ಕಾರ್ಯಕ್ರಮದಲ್ಲಿ ಒಬ್ಬ ವೈದ್ಯರ ಮಾತು ಕೇಳಿದ್ದರು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಅತ್ತೆಗೆ ಎದುರು ಮಾತನಾಡದ ಅಮ್ಮಿ ಅಂದು ಮೊದಲ ಸಲ ಗಟ್ಟಿಯಾಗಿ ಹೇಳಿದರು: ‘ಅಮ್ಮಾಜಾನ್, ರೇಡಿಯೋದಲ್ಲಿ ಡಾಕ್ಟರೇ ಹೇಳಿದ್ದಾರೆ, ನಾನು ಕೊಡುತ್ತೇನೆ.’ ರಾತ್ರಿಯಿಡೀ ಚಮಚದಿಂದ ಕುಡಿಸಿದರು. ಬೆಳಿಗ್ಗೆ ತಾಲೂಕು ಆಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರ್, ‘ನೀರು ಕೊಟ್ಟು ತಂದದ್ದು ಒಳ್ಳೆಯದಾಯಿತು’ ಎಂದರು. ಆ ತಮ್ಮ ಇಂದು ಡಿಪ್ಲೊಮಾ ಮುಗಿಸಿ ಕೆಲಸದಲ್ಲಿದ್ದಾನೆ.

ಇದನ್ನು ಏಕೆ ಹೇಳಿದೆ? ಅಮ್ಮಿ ಕನ್ನಡ ಓದಲಾರರು, ಬರೆಯಲಾರರು. ಆದರೆ ಕೇಳಿ ತಿಳಿಯಬಲ್ಲವರಾಗಿದ್ದರು. ಹೊಸ್ತಿಲು ದಾಟಿ ಕಲಿಯಲು ಹೋಗದ ಹೆಣ್ಣುಮಗಳ ಬಳಿಗೆ ವೈದ್ಯರ ಮಾತು ಹೊಸ್ತಿಲು ದಾಟಿ ಬಂತು. ಕನ್ನಡ ಎಂದರೆ ನಮ್ಮ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿಯ ಒಂದು ಪೇಪರ್ ಅಷ್ಟೇ ಅಲ್ಲ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ತಹಸೀಲ್ದಾರರ ಕಚೇರಿಯಲ್ಲಿ, ಕೆಲಸದ ಸಂದರ್ಶನದಲ್ಲಿ ತಲೆ ಎತ್ತಿ ನಿಲ್ಲುವ ಶಕ್ತಿ ಅದು. ಹಾಗೆಯೇ ಉರ್ದು ನಮ್ಮ ಮನೆಯ ಬೆಳಕು. ಒಂದನ್ನು ಕಲಿಯಲು ಇನ್ನೊಂದನ್ನು ಕೈಬಿಡಬೇಕಾಗಿಲ್ಲ. ಅಬ್ಬಾ ಅವರ ರೇಡಿಯೋದಲ್ಲಿ ಎರಡೂ ಇದ್ದವು, ಮುಳ್ಳು ತಿರುಗಿಸಿದರೆ ಸಾಕಿತ್ತು.

ನಮ್ಮ ಶಾಲೆಯ ಸಣ್ಣ ಪ್ರಯತ್ನ

ಈಗ ನನ್ನ ತರಗತಿಗೆ ಮರಳುತ್ತೇನೆ. ಆ ಘಟನೆಯ ನಂತರ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಶನಿವಾರ ಇಪ್ಪತ್ತು ನಿಮಿಷದ ‘ಶಾಲಾ ಬಾನುಲಿ’ ಆರಂಭಿಸಿದೆವು. ಪ್ರಾರ್ಥನೆಗೆ ಬಳಸುವ ಅದೇ ಮೈಕು. ಮಕ್ಕಳು ಕಚೇರಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾತನಾಡಬೇಕು, ಉಳಿದವರು ಅಂಗಳದಲ್ಲಿ ಕೂತು ಕೇಳಬೇಕು. ಐದು ನಿಮಿಷ ಕನ್ನಡ ವಾರ್ತೆ, ಐದು ನಿಮಿಷ ಉರ್ದು ವಾರ್ತೆ, ಒಬ್ಬ ಪಾಲಕರ ಕಸುಬಿನ ಬಗ್ಗೆ ಸಂದರ್ಶನ, ಒಂದು ಸಣ್ಣ ಕಥೆ.

ಮೊದಲ ವಾರ ಯಾರೂ ಕೇಳಲಿಲ್ಲ, ಗದ್ದಲವೋ ಗದ್ದಲ. ಎರಡನೇ ವಾರ ಕರೆಂಟ್ ಹೋಯಿತು. ಮೂರನೇ ವಾರ ‘ಹಾಲು’ ಎನ್ನುವ ಕಡೆ ‘ಆಲು’ ಎಂದ ಹುಡುಗನನ್ನು ಕಂಡು ಎಲ್ಲರೂ ನಕ್ಕರು. ಅವನು ಒಂದು ವಾರ ನನ್ನ ಮುಖ ನೋಡಲಿಲ್ಲ. ನನಗೂ ಸಾಕಾಗಿ ಹೋಗಿತ್ತು. ಆದರೆ ಕಾರ್ಯಕ್ರಮದ ಕೊನೆಗೆ ಕೇಳಿದ್ದರ ಬಗ್ಗೆ ಮೂರು ಪ್ರಶ್ನೆ ಕೇಳಲು ಶುರು ಮಾಡಿದ ಮೇಲೆ ಅಂಗಳ ಮೆಲ್ಲಗೆ ಸುಮ್ಮನಾಯಿತು.

ಅಂದು ಅತ್ತು ಕುಳಿತಿದ್ದ ಆ ಹುಡುಗಿ ಬಹಳ ದಿನ ಹಿಂದೆ ಸರಿದಳು. ಒಂದು ದಿನ ಬಂದು ಮೆಲ್ಲಗೆ ಕೇಳಿದಳು: ‘ಟೀಚರ್, ಮಾತನಾಡುವಾಗ ನನ್ನನ್ನು ಯಾರೂ ನೋಡುವುದಿಲ್ಲ ಅಲ್ಲವೇ?’ ನೋಡುವುದಿಲ್ಲ ಎಂದೆ. ಆ ಶನಿವಾರ ಅವಳು ತನ್ನ ತಾಯಿ ಊದಿನಕಡ್ಡಿ ಹೊಸೆಯುವ ಕೆಲಸದ ಬಗ್ಗೆ ಮಾತನಾಡಿದಳು. ಸಾವಿರ ಕಡ್ಡಿ ಹೊಸೆದರೆ ಕೈ ಹೇಗೆ ಕಪ್ಪಾಗುತ್ತದೆ, ಆ ಕೈ ತೊಳೆದು ತಾಯಿ ರೊಟ್ಟಿ ಹೇಗೆ ಬಡಿಯುತ್ತಾರೆ, ಆ ರೊಟ್ಟಿಗೂ ಸುಗಂಧ ಹೇಗೆ ಅಂಟುತ್ತದೆ. ಎರಡು ನಿಮಿಷ ಎಂದದ್ದು ನಾಲ್ಕು ನಿಮಿಷವಾಯಿತು. ಕನ್ನಡದಲ್ಲಿ ತಪ್ಪುಗಳಿದ್ದವು. ನಾನು ಒಂದನ್ನೂ ಗುರುತು ಹಾಕಿಕೊಳ್ಳಲಿಲ್ಲ. ಅಂಗಳದಲ್ಲಿ ಯಾರೂ ನಗಲಿಲ್ಲ. ‘ಆಲು’ ಎಂದಿದ್ದ ಹುಡುಗನೇ ಮೊದಲು ಚಪ್ಪಾಳೆ ತಟ್ಟಿದ.

ಅವಳು ದೊಡ್ಡ ಭಾಷಣಕಾರಳಾದಳು ಎಂದು ನಾನು ಹೇಳುವುದಿಲ್ಲ. ಇನ್ನೂ ಅಳುಕುತ್ತಾಳೆ. ಆದರೆ ಈಗ ಎದ್ದು ನಿಂತರೆ ಏನಾದರೂ ಹೇಳಿಯೇ ಕೂರುತ್ತಾಳೆ.

ನನ್ನ ಕೋರಿಕೆಗಳು

ಸಂಘದ ಹಿರಿಯರಲ್ಲಿ, ಪಾಲಕರಲ್ಲಿ, ವಿದ್ಯಾರ್ಥಿಗಳಲ್ಲಿ ನನ್ನ ಕೆಲವು ಕೋರಿಕೆಗಳಿವೆ.

ಮೊದಲನೆಯದು, ನಮ್ಮ ಸಂಘದ ವಿದ್ಯಾರ್ಥಿ ನಿಲಯದಲ್ಲಿ ಮತ್ತು ಶಾಲೆಗಳಲ್ಲಿ ವಾರಕ್ಕೆ ಎರಡು ದಿನ ಅರ್ಧ ಗಂಟೆಯ ಕೇಳುವ ಕೂಟ ಆಗಲಿ. ಒಂದು ದಿನ ಕನ್ನಡ, ಒಂದು ದಿನ ಉರ್ದು. ಕೇಳಿದ ಮೇಲೆ ಹತ್ತು ನಿಮಿಷ ಚರ್ಚೆ. ಇದಕ್ಕೆ ಹೊಸ ಕಟ್ಟಡ ಬೇಡ. ರೇಡಿಯೋ ಇಲ್ಲದಿದ್ದರೆ ಪ್ರಸಾರ ಭಾರತಿಯ ಆ್ಯಪ್‌ನಲ್ಲಿ ಆಕಾಶವಾಣಿ ಕೇಂದ್ರಗಳು ಫೋನಿನಲ್ಲೇ ಸಿಗುತ್ತವೆ. ಫೋನನ್ನು ಬೋರಲಾಗಿ ಇಡಿ. ದನಿ ಮಾತ್ರ ಬರಲಿ.

ಎರಡನೆಯದು, ಸಮುದಾಯ ಬಾನುಲಿಯ ಬಗ್ಗೆ ಸಂಘ ಯೋಚಿಸಬೇಕು. ಗಾಳಿಯ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಿದೆ. 2002ರಿಂದ ಶಿಕ್ಷಣ ಸಂಸ್ಥೆಗಳಿಗೆ, 2006ರಿಂದ ಸ್ವಯಂಸೇವಾ ಸಂಸ್ಥೆಗಳಿಗೂ ಸಣ್ಣ ಬಾನುಲಿ ಕೇಂದ್ರ ನಡೆಸಲು ಅವಕಾಶವಿದೆ. ಅದಕ್ಕೂ ಮೊದಲೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯ ಜನ ‘ನಮ್ಮ ಧ್ವನಿ’ ಎಂಬ ಹೆಸರಿನಲ್ಲಿ, ಲೈಸೆನ್ಸ್ ಇಲ್ಲದ ಕಾಲದಲ್ಲಿ ಕೇಬಲ್ ತಂತಿಯ ಮೂಲಕ ಮನೆಮನೆಗೆ ತಮ್ಮ ಕಾರ್ಯಕ್ರಮ ಕೇಳಿಸಿದರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಅಲ್ಲಿ ಕಾರ್ಯಕ್ರಮ ಮಾಡಿದರು. ಅವರಿಂದ ಆದದ್ದು ನಮ್ಮಿಂದ ಆಗದೇ?

ಮೂರನೆಯದು ಪಾಲಕರಿಗೆ. ಮಗು ನಿಮ್ಮ ಬಳಿ ಬಂದು ಏನಾದರೂ ಹೇಳುವಾಗ ಪೂರ್ತಿ ಕೇಳಿ. ನೀವು ಫೋನ್ ನೋಡುತ್ತಾ ‘ಹೂಂ, ಹೂಂ’ ಎಂದರೆ ಕೇಳುವುದು ಎಂದರೇನು ಎಂಬುದನ್ನು ಮಗು ಯಾರಿಂದ ಕಲಿಯಬೇಕು?

ನಾಲ್ಕನೆಯದು ವಿದ್ಯಾರ್ಥಿಗಳೇ, ನಿಮಗೆ. ದಿನಕ್ಕೆ ಹದಿನೈದು ನಿಮಿಷ, ನೀವು ಆರಿಸಿಕೊಳ್ಳದ ಒಂದು ಕಾರ್ಯಕ್ರಮ ಕೇಳಿ. ಬೇಸಾಯದ್ದಾಗಲಿ, ಹೃದಯರೋಗದ್ದಾಗಲಿ. ಕೇಳಿದ ಮೇಲೆ ಒಂದು ಹೊಸ ಶಬ್ದ, ಒಂದು ಹೊಸ ಸಂಗತಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಂದು ರಾತ್ರಿ ಊಟದ ಹೊತ್ತಿಗೆ ಅದನ್ನು ಮನೆಯವರಿಗೆ ಹೇಳಿ. ಒಂದು ವರ್ಷವಾದ ಮೇಲೆ ನಿಮ್ಮ ಬಾಯಿಯಲ್ಲಿ ಎಷ್ಟು ಮಾತು ಇದೆ ಎಂದು ನೀವೇ ನೋಡಿ.

ನನ್ನ ಅಬ್ಬಾ ಇಂದು ಹೊಲಿಯುವುದಿಲ್ಲ. ಕಣ್ಣು ಮಂಜಾಗಿದೆ. ಆದರೆ ಗವಸು ಹಾಕಿದ ಆ ರೇಡಿಯೋ ಅವರ ದಿಂಬಿನ ಬಳಿ ಇದೆ. ಈ ಭಾಷಣ ಬರೆದು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ ಅಂದರು: ‘ಕಾನ್ ಖುಲ್ಲಾ ರಖ್ ಬೇಟಿ, ಮೂಂ ಆಪೀ ಖುಲ್ತಾ.’ ಕಿವಿ ತೆರೆದಿಡು ಮಗಳೇ, ಬಾಯಿ ತಾನಾಗಿಯೇ ತೆರೆಯುತ್ತದೆ. ನಾನು ಬಿ.ಎಡ್.ನಲ್ಲಿ ಪುಟಗಟ್ಟಲೆ ಬರೆದದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು.